ಬಂದರಿನ ಮೆಟ್ಟಿಲು

ಮಾಲಿನಿ, ನಿನಗೆ ವೀಸಾ ಇಲ್ಲವೆಂದು ನನಗೆ ಗೊತ್ತಿತ್ತು. ಲಂಡನ್ನಿನ ಏರ್‌ಪೋರ್ಟಿನ ಕೌಂಟರಿನಲ್ಲಿ ಆ ಹುಡುಗಿ ನಿನ್ನ ಪಾಸ್‌ಪೋರ್ಟಿನ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ತಲೆಯೆತ್ತಿ, ನೀವು ಮಾಲ್ಟಾಕ್ಕೆ ಹೋಗುವ ಹಾಗಿಲ್ಲ ಎಂದಾಗ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳ ಹಾಗೆ ಬಾಯಿಯ ಮೇಲೆ ಕೈಯಿಟ್ಟುಕೊಂಡವಳು ನಾನು. ಅದು ನಟನೆ. ಆ ಗಳಿಗೆ ಬಂದೇ ಬರುತ್ತದೆಂದು ಪರ್ತ್‌ನಲ್ಲಿ ಟಿಕೆಟ್ ಮಾಡಿದ ದಿನವೇ ಗೊತ್ತಿತ್ತು. ಬರಲಿ ಎಂದೇ ಬಿಟ್ಟಿದ್ದೆ.

ಮರೆತುಹೋಗಿತ್ತು ಎಂದರೆ ಯಾರಾದರೂ ನಂಬಿಯಾರು. ನನ್ನ ಕೆಲಸ ಗೊತ್ತಿದ್ದವರು ನಂಬಬಾರದು. ನಾನು ವರ್ಷಗಟ್ಟಲೆ ಕೂತದ್ದು ಒಂದು ಟ್ರಾವೆಲ್ ಏಜೆನ್ಸಿಯ ಮೇಜಿನ ಹಿಂದೆ. ಬಾಲಿಗೆ ಹೋಗುವ ಹೊಸ ಜೋಡಿ ಬರಲಿ, ಅಪ್ಪನ ಕಾರ್ಯಕ್ಕೆ ಊರಿಗೆ ಓಡುವ ಮಗ ಬರಲಿ, ನಾನು ಮೊದಲು ಕೇಳುತ್ತಿದ್ದದ್ದು ಯಾವ ಊರಿಗೆ ಅಂತಲ್ಲ, ಯಾವ ದೇಶದ ಪಾಸ್‌ಪೋರ್ಟು ಅಂತ. ಊಟಕ್ಕೆ ಮುಂಚೆ ಕೈ ತೊಳೆಯುವ ಹಾಗೆ ಅದು ಅಭ್ಯಾಸ. ನಮ್ಮೆಲ್ಲರ ಮಾಲ್ಟಾ ಟಿಕೆಟ್ ಮಾಡುವಾಗ ಉಳಿದವರ ಹೆಸರಿನ ಮುಂದೆಲ್ಲ ಆಸ್ಟ್ರೇಲಿಯಾ ಎಂದು ಒತ್ತಿ, ನಿನ್ನ ಹೆಸರಿನ ಮುಂದೆ ಇಂಡಿಯಾ ಎಂದು ಒತ್ತಿದ್ದು ಇದೇ ಬೆರಳು. ಒತ್ತಿದೆ, ನೋಡಿದೆ — ಸ್ವಲ್ಪ ಹೊತ್ತೇ ನೋಡಿದೆ — ಆಮೇಲೆ ಮುಂದಿನ ಪುಟಕ್ಕೆ ಹೋದೆ.

ಇರಲಿ, ಮೊದಲಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಇದನ್ನು ನಿನ್ನ ಜೊತೆ ಬೇರೆಯವರೂ ಓದಬೇಕು. ಯಾಕೆ ಅನ್ನುವುದು ಕೊನೆಗೆ ತಿಳಿಯುತ್ತದೆ.

ನಾನು ಉಷಾ, ಆ ಮನೆಯ ಹಿರಿಸೊಸೆ. ನನ್ನ ಗಂಡ ಶ್ರೀಧರ, ನಿನ್ನ ಗಂಡ ಗಿರೀಶನ ಅಣ್ಣ. ಅವರಿಬ್ಬರ ನಡುವೆ ಹುಟ್ಟಿದವಳು ರೇವತಿ, ನನಗೆ ನಾದಿನಿ, ನಿನಗೆ ಅತ್ತಿಗೆ. ಮೈಸೂರಿನ ಒಂದೇ ಮನೆಯ ಮೂವರು ಮಕ್ಕಳು ಆಸ್ಟ್ರೇಲಿಯಾದ ಮೂರು ಮೂಲೆ ಹಿಡಿದರು. ನಾವು ಪರ್ತ್‌ನ ಸದರ್ನ್ ರಿವರ್, ರೇವತಿ ಅಡಿಲೇಡ್, ನೀವು ಬ್ರಿಸ್ಬೇನ್. ಗಿರೀಶ ನಿನ್ನನ್ನು ಇಷ್ಟಪಟ್ಟು ಮದುವೆಯಾದ. ನೀನು ಕರಾವಳಿಯ ಗಂಗೊಳ್ಳಿಯ ಕಡೆಯವಳು, ನಾವು ಕೇಳಿರದ ಮನೆತನದವಳು. ನಾವು ವಾರಗಿತ್ತಿಯರು. ಆ ಪದ ಬಾಯಲ್ಲಿ ಬಂದರೇ ಒಂದು ಜಗಳ ಶುರುವಾದ ಹಾಗೆ ಕೇಳಿಸುತ್ತದೆ ನನಗೆ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅದನ್ನು ಬೆಣ್ಣೆ ಹಚ್ಚಿ ಹೇಳುವುದು ಬೇಡ. ನೀವಿಬ್ಬರೂ ಈ ದೇಶಕ್ಕೆ ಬಂದಾಗ ಮೊದಲು ಇಳಿದದ್ದು ನಮ್ಮ ಮನೆಯಲ್ಲಿ. ಗಿರೀಶನಿಗೆ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿನಲ್ಲಿ ಕೆಲಸ ಸಿಗುವವರೆಗೆ ಒಂದು ಚಳಿಗಾಲವಿಡೀ ಇದ್ದಿರಿ. ನಾನು ಒಲೆಯ ಎಡಕ್ಕಿಡುತ್ತಿದ್ದ ಉಪ್ಪಿನ ಡಬ್ಬಿ ನೀನು ಬಂದ ಮೇಲೆ ಬಲಕ್ಕೆ ಹೋಯಿತು. ನನ್ನ ಸಾರಿಗೆ ನೀನು ತೆಂಗಿನೆಣ್ಣೆಯ ಒಗ್ಗರಣೆ ಹಾಕಿದೆ, ಇವರು ಎರಡು ಸಲ ಹಾಕಿಸಿಕೊಂಡು ಉಂಡರು. ನನ್ನ ಮಕ್ಕಳಿದ್ದರಲ್ಲ — ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು — ಅವರು ನಿನ್ನ 'ಎಂತ', 'ಉಂಟು' ಎಲ್ಲ ಕಲಿತು ಮನೆತುಂಬ ಹೇಳಿಕೊಂಡು ಕುಣಿದರು. ಹುಟ್ಟಿದಾಗಿನಿಂದ ನಾನು ಹೇಳಿಕೊಟ್ಟ ಮೈಸೂರು ಕನ್ನಡದ ಕಡೆ ತಿರುಗಿಯೂ ನೋಡದವರು ಅವರು. ನನ್ನ ಹೊಟ್ಟೆ ಎಷ್ಟು ಉರಿಯಿತು ಎನ್ನುವುದು ನಿನಗೆ ಗೊತ್ತಾಗಿರಲಾರದು. ನೀನು ನಗುತ್ತಿದ್ದೆ.

ಆಮೇಲೆ ರೇವತಿ. ಅವಳು ನನ್ನವಳಾಗಿದ್ದಳು. ಬಾಣಂತನದಿಂದ ಹಿಡಿದು ಗ್ಯಾಸ್ ಬಿಲ್ಲಿನವರೆಗೆ ಯಾವುದಕ್ಕೂ 'ಅತ್ತಿಗೆ ಏನು ಹೇಳ್ತಾರೆ ಕೇಳ್ತೀನಿ' ಎನ್ನುತ್ತಿದ್ದವಳು, ಒಂದು ಭಾನುವಾರ ಫೋನ್ ಮಾಡಿ ನಗುತ್ತಾ, 'ಮಾಲಿನಿ ಏನಂದ್ಲು ಗೊತ್ತಾ ಅತ್ತಿಗೆ? ಅಕ್ಕನ ಮನೇಲಿ ಉಪ್ಪಿಗೂ ಪರ್ಮಿಷನ್ ಬೇಕು ಮಾರಾಯ್ತಿ ಅಂದ್ಲು' ಎಂದಳು. ತಮಾಷೆ ಎಂದೇ ಹೇಳಿದಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಆ ಉಪ್ಪಿನ ಡಬ್ಬಿಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿ ಹೊಸದು ತಂದೆ.

ಇಂಥ ಚಿಕ್ಕಚಿಕ್ಕವೇ. ದೊಡ್ಡದು ನೀನೇನೂ ಮಾಡಿರಲಿಲ್ಲ. ಇದನ್ನು ಬರೆಯುವಾಗಲೂ ದೊಡ್ಡದೊಂದು ಸಿಗಬಾರದೇ ಎಂದು ಹುಡುಕಿದೆ.

ರೇವತಿಯ ಮಗಳಿಗೆ ಲಂಡನ್ನಿನಲ್ಲಿ ಕೆಲಸ. ಅಲ್ಲೇ ಮದುವೆ ಗೊತ್ತಾಯಿತು. ಅಷ್ಟು ದೂರ ಹೋಗುತ್ತೇವೆ, ಮದುವೆ ಮುಗಿಸಿ ಒಂದು ವೀಕೆಂಡ್ ಎಲ್ಲರೂ ಸೇರಿ ಎಲ್ಲಾದರೂ ಹೋಗೋಣ ಎಂದು ಹೊಳೆದದ್ದು ನನಗೆ. ನಾನು ಪ್ಯಾರಿಸ್ ಎಂದೆ. ಹೋಟೆಲು, ರೈಲು, ನಮ್ಮ ಊಟ ಸಿಗುವ ಜಾಗ, ಎಲ್ಲ ನೋಡಿಟ್ಟು ಫ್ಯಾಮಿಲಿ ಗ್ರೂಪಿಗೆ ಹಾಕಿ ಮಲಗಿದೆ.

ಪರ್ತ್‌ನಲ್ಲಿ ಇರುವವರ ಪಾಡು ಉಳಿದವರಿಗೆ ತಿಳಿಯುವುದಿಲ್ಲ. ಬ್ರಿಸ್ಬೇನು, ಅಡಿಲೇಡು ಎರಡೂ ನಮಗಿಂತ ಮುಂಚೆ ಏಳುವ ಊರುಗಳು. ನಾನು ಕಣ್ಣುಜ್ಜಿಕೊಂಡು ಫಿಲ್ಟರಿಗೆ ಕಾಫಿಪುಡಿ ಹಾಕುವಷ್ಟರಲ್ಲಿ ಅಲ್ಲಿ ತಿಂಡಿ ಮುಗಿದು, ಹರಟೆ ಮುಗಿದು, ತೀರ್ಮಾನವೂ ಆಗಿರುತ್ತದೆ. ಆವತ್ತು ಬೆಳಿಗ್ಗೆ ಫೋನ್ ತೆಗೆದರೆ ನನ್ನ ಪ್ಯಾರಿಸ್ ಎಲ್ಲೋ ಮೇಲೆ ಹೋಗಿ ಸೇರಿತ್ತು. ಅದರ ಕೆಳಗೆ ನೀನು ಹಾಕಿದ ಒಂದು ಹಳೆಯ ಫೋಟೋ. ಅದರ ಕೆಳಗೆ ಎಲ್ಲರ ಕೆಂಪು ಹೃದಯಗಳು.

ಬಣ್ಣ ಮಾಸಿದ ಫೋಟೋ. ಸಮುದ್ರದ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಹಿಂದೆ ಒಂದು ಕಲ್ಲಿನ ಕಮಾನು, ಪಕ್ಕದ ಗೋಡೆಯಲ್ಲಿ ದೋಣಿ ಕಟ್ಟುವ ದಪ್ಪ ಕಬ್ಬಿಣದ ಬಳೆ. ಮೆಟ್ಟಿಲಿನ ಮೇಲೆ ತೆಳ್ಳಗಿನ ಒಬ್ಬ ಯುವಕ, ಅಂಗಿಯ ತೋಳು ಮಡಚಿ, ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ನಿಂತಿದ್ದಾನೆ. ನಿನ್ನ ಅಪ್ಪ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು, ನೀನು ಇನ್ನೂ ಮಾತು ಕಲಿಯುವ ಮುಂಚೆ ಹಡಗಿನಲ್ಲೇ ಕಾಯಿಲೆ ಬಿದ್ದು ತೀರಿಕೊಂಡವರು. ಫೋಟೋದ ಬೆನ್ನಿಗೆ ಅವರೇ ಊರಿನ ಹೆಸರು ಬರೆದಿದ್ದರು — ವ್ಯಾಲೆಟ್ಟಾ. ಮಾಲ್ಟಾ ಎನ್ನುವ ದ್ವೀಪದ ಹಳೆಯ ಬಂದರು. 'ಲಂಡನ್ನಿಂದ ಹತ್ರ ಉಂಟಂತೆ. ನಂಗೆ ಆ ಮೆಟ್ಟಿಲ ಮೇಲೆ ಒಮ್ಮೆ ನಿಲ್ಬೇಕು. ಮತ್ತೆಂತ ಬೇಡ' ಎಂದು ಬರೆದಿದ್ದೆ ನೀನು.

ರೇವತಿ ನನಗೆ ಬೇರೆಯಾಗಿ ಫೋನ್ ಮಾಡಿದಳು. 'ಅತ್ತಿಗೆ, ಪ್ಯಾರಿಸ್ ಎಲ್ಲಿಗೂ ಓಡಿಹೋಗಲ್ಲ. ಇದು ಅವಳ ಅಪ್ಪನ ವಿಷಯ. ನೀವು ಪ್ಲಾನ್ ಮಾಡ್ಬಿಡಿ, ನಿಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ.'

ಮಾಡಿದೆ. ಹಟಕ್ಕೆ ಬಿದ್ದು ಮಾಡಿದೆ. ಶುಕ್ರವಾರ ಹೋಗಿ ಸೋಮವಾರ ವಾಪಸ್. ಬೀದಿಗಳೆಲ್ಲ ಮೆಟ್ಟಿಲಾಗಿ ಸಮುದ್ರಕ್ಕೆ ಇಳಿಯುವ ಊರು ಅದು. ಮನೆಗಳಿಗೆ ಹಸಿರು ಬಣ್ಣದ ಮರದ ಮುಚ್ಚುಬಾಲ್ಕನಿ. ಬಂದರಿಗೆ ಮುಖ ಮಾಡಿದ ಅಂಥದೊಂದು ಮನೆ ಹಿಡಿದೆ. ಕೋಟೆಯ ಮೇಲಿನ ತೋಟದಲ್ಲಿ ಮಧ್ಯಾಹ್ನ ತೋಪು ಹಾರಿಸುತ್ತಾರೆ, ಮಕ್ಕಳಿಗೆ ಅದು. ಭಾನುವಾರ ದೋಣಿಯಲ್ಲಿ ಬಂದರು ದಾಟಿ ಆಚೆ ದಡದ ಹಳೆಯ ಊರು. ಶನಿವಾರ ಬೆಳಿಗ್ಗೆ ಪೂರ್ತಿ ನಿನಗೆ: ಮಾಲಿನಿಯ ಮೆಟ್ಟಿಲು ಎಂದೇ ಬರೆದು ಗ್ರೂಪಿಗೆ ಹಾಕಿದೆ. ನೀನು ಕೈ ಮುಗಿದ ಚಿತ್ರ ಕಳಿಸಿದೆ. ಅಷ್ಟು ಹೊತ್ತಿಗೆ ಟಿಕೆಟ್ ಮಾಡಿಯಾಗಿತ್ತು, ಇಂಡಿಯಾ ಎಂದು ಒತ್ತಿಯೂ ಆಗಿತ್ತು.

ನೀನೊಬ್ಬಳೇ ಯಾಕೆ ಹಳೆಯ ಪಾಸ್‌ಪೋರ್ಟು ಇಟ್ಟುಕೊಂಡಿದ್ದೆ ಎನ್ನುವುದೂ ನನಗೆ ಗೊತ್ತಿತ್ತು. ನಮ್ಮ ಮನೆಯ ಹಿತ್ತಲಲ್ಲಿ ಬಾರ್ಬೆಕ್ಯೂ ಒಲೆ ಹಚ್ಚಿದ ದಿನ ಗಿರೀಶನೇ ಕೆಣಕಿದ. 'ಎಲ್ರೂ ಸಿಟಿಜನ್ಸ್ ಆಗಿದ್ದೀವಿ, ಇವಳೊಬ್ಬಳಿಗೆ ಹಟ.' ನೀನು ಜೋಳ ಸುಡುತ್ತಾ, ತಲೆಯೆತ್ತದೆ ಹೇಳಿದೆ. 'ಇಂಡಿಯಾ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ಅಪ್ಪನ ಹೆಸರು ಹಾಕ್ತಾರೆ ಅಕ್ಕಾ. ಇಲ್ಲಿಯದ್ರಲ್ಲಿ ಹಾಕೋದಿಲ್ಲ. ಅವರ ಹೆಸರು ನನ್ನ ಹೆಸರಿನ ಜೊತೆ ಇರೋದು ಅಲ್ಲೊಂದೇ ಕಡೆ.' ನಾನು ಏನಂದೆ ನೆನಪಿದೆಯಾ? 'ಹೆಸರು ಬೇಕಾದ್ರೆ ಗೋಡೆ ಮೇಲೆ ಬರ್ಕೋ' ಎಂದೆ. ಎಲ್ಲರೂ ನಕ್ಕರು. ನೀನು ಜೋಳ ತಿರುಗಿಸಿದೆ.

ಟಿಕೆಟ್ ಆದ ಮಾರನೆಯ ವಾರ ನೀನು ಫೋನ್ ಮಾಡಿದೆ. ಆ ಮಾತು ಒಂದಕ್ಷರ ಬಿಡದೆ ನೆನಪಿದೆ.

'ಅಕ್ಕಾ, ನಂಗೊಂದು ಡೌಟು. ನಿಮ್ಮದೆಲ್ಲ ಆಸ್ಟ್ರೇಲಿಯಾ ಪಾಸ್‌ಪೋರ್ಟು. ನಂಗೆ ಮಾಲ್ಟಾಕ್ಕೆ ಬೇರೆ ವೀಸಾ ಎಂತಾದ್ರೂ ಬೇಕಾ?'

'ಇಂಗ್ಲೆಂಡ್ ವೀಸಾ ಇದ್ಯಲ್ಲ, ಸಾಕು.'

'ಇವ್ರ ಹತ್ರ ಒಮ್ಮೆ ನೋಡ್ಲಿಕ್ಕೆ ಹೇಳ್ಲಾ?'

'ಅವನಿಗೇನು ಗೊತ್ತು? ನನ್ನ ಕೆಲಸಾನೇ ಇದು.'

'ಹಾಗಾದ್ರೆ ಸರಿ ಅಕ್ಕಾ. ನೀವು ಹೇಳಿದ್ಮೇಲೆ ಮುಗೀತು.'

ಈಗ ಇಂಗ್ಲೆಂಡಿನವರು ಯೂರೋಪಿನ ಒಕ್ಕೂಟ ಬಿಡುತ್ತೇವೆಂದು ಕಿತ್ತಾಡುತ್ತಿದ್ದಾರೆ. ಆಗ ಅಂಥ ಜಗಳವಿರಲಿಲ್ಲ. ಇಂಗ್ಲೆಂಡೂ ಯೂರೋಪೇ, ಒಂದು ವೀಸಾ ಇದ್ದರೆ ಎಲ್ಲ ಕಡೆ ನಡೆಯುತ್ತದೆ ಎಂದು ನಮ್ಮವರಲ್ಲಿ ಎಷ್ಟೋ ಜನ ನಂಬಿದ್ದರು. ಗಿರೀಶನೂ ಹಾಗೇ ನಂಬಿದ್ದ. ನಡೆಯುವುದಿಲ್ಲ. ಇಂಗ್ಲೆಂಡಿನ ವೀಸಾ ಇಂಗ್ಲೆಂಡಿಗೆ ಮಾತ್ರ. ಮಾಲ್ಟಾದ ಕಡೆಗೆ ಬೇರೆಯದೇ ಬೇಕು. ಈ ತಪ್ಪು ಮಾಡಿಕೊಂಡು ನನ್ನ ಮೇಜಿನ ಮುಂದೆ ಕೂತು ಅತ್ತವರಿದ್ದಾರೆ. ಅವರಿಗೆ ನೀರು ಕೊಟ್ಟು, ಮೊದಲೇ ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಗದರಿದವಳು ನಾನು. ನೀನು ಮೊದಲೇ ಕೇಳಿದೆ. ಅರ್ಜಿ ಹಾಕಲು ಬೇಕಾದಷ್ಟು ಸಮಯವೂ ಇತ್ತು. ಒಂದು ದಿನದ ಕೆಲಸ.

ಆ ಸಮಯವೆಲ್ಲ ಕಳೆಯುವವರೆಗೆ ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಸುಳ್ಳು — ಖುಷಿಯಾಗಿದ್ದೆ. ನೀನು ಗ್ರೂಪಿನಲ್ಲಿ ಸೀರೆ ಯಾವುದು ಉಡಲಿ ಎಂದು ಕೇಳಿದಾಗಲೂ, ಊರಿನಲ್ಲಿ ನಿನ್ನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ ಎಂದಾಗಲೂ, ಒಳಗೊಳಗೇ ಒಂದು ನಗು ಇಟ್ಟುಕೊಂಡು ಓಡಾಡಿದೆ. ಏನಾದೀತು, ಕೌಂಟರಿನಲ್ಲಿ ಒಂದಿಷ್ಟು ಮುಖ ಕೆಂಪಾದೀತು, ಎಲ್ಲರ ತಲೆ ಮೇಲೆ ಕೂತವಳು ಒಮ್ಮೆ ಕೆಳಗಿಳಿದಾಳು, ಅಷ್ಟೇ ಎಂದುಕೊಂಡಿದ್ದೆ. ಅಪ್ಪನ ವಿಷಯ ಮನಸ್ಸಿಗೆ ಬರಲಿಲ್ಲವೇ ಎಂದು ನೀನು ಕೇಳಬಹುದು. ಬಂತು. ಬಂದಾಗ ಬೇರೆ ಏನಾದರೂ ಕೆಲಸ ಹಚ್ಚಿಕೊಂಡೆ.

ಮದುವೆಯ ಬೆಳಿಗ್ಗೆ ನನ್ನ ರವಿಕೆಯ ಹೊಲಿಗೆ ಬಿಚ್ಚಿಹೋಯಿತು. ನೀನು ನೆಲದ ಮೇಲೆ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡು, ನನ್ನ ಬೆನ್ನ ಮೇಲಿದ್ದಂತೆಯೇ ಹೊಲಿದುಕೊಟ್ಟೆ. ಆಗಲಾದರೂ ಹೇಳಿದ್ದರೆ — ಕೌಂಟರಿನ ಅವಮಾನವಾದರೂ ತಪ್ಪುತ್ತಿತ್ತು. 'ಅಲ್ಲಾಡ್ಬೇಡಿ ಅಕ್ಕಾ, ಚುಚ್ಚೀತು' ಎಂದೆ ನೀನು. ನಾನು ಅಲ್ಲಾಡಲಿಲ್ಲ.

ಕೌಂಟರಿನ ಹತ್ತಿರ ಆದದ್ದು ಎಲ್ಲರಿಗೂ ಗೊತ್ತು. ಎಲ್ಲರೂ ಕಂಡದ್ದನ್ನಷ್ಟೇ ಬಲ್ಲರು. ಆ ಹುಡುಗಿ ಮೇಲಿನವರನ್ನು ಕರೆದಳು, ಅವರೂ ಹಾಳೆ ತಿರುಗಿಸಿದರು, ತಲೆ ಅಲ್ಲಾಡಿಸಿದರು. ನಮ್ಮ ಹಿಂದೆ ಸಾಲು ಬೆಳೆಯಿತು. ಗಿರೀಶನ ಮುಖ ಕಪ್ಪಿಟ್ಟಿತು. ಅಷ್ಟು ಜನರ ಮುಂದೆ, ಮಕ್ಕಳ ಮುಂದೆ, ಅವನು ನಿನ್ನ ಕಡೆ ತಿರುಗಿ, 'ನಿಂಗೆ ಬುದ್ಧಿ ಇಲ್ವಾ? ಅತ್ತಿಗೇನ ಒಂದ್ ಮಾತು ಕೇಳೋಕೆ ಏನಾಗಿತ್ತು?' ಎಂದ.

ನೀನು ನನ್ನನ್ನು ನೋಡಿದೆ.

ಸಿಟ್ಟಿನ ನೋಟವಲ್ಲ ಅದು. ಕಾಯುವ ನೋಟ. ನಾನು ಬಗ್ಗಿ ನನ್ನ ಚೀಲದ ಜಿಪ್ಪು ಸರಿಮಾಡಿದೆ; ಜಿಪ್ಪು ಸರಿಯಾಗಿಯೇ ಇತ್ತು. ಎದ್ದು ನಿಂತು, ದೊಡ್ಡವಳ ಗತ್ತಿನಲ್ಲಿ, 'ಈಗ ಯಾರ ತಪ್ಪು ಅಂತ ಬೇಡ, ಫ್ಲೈಟ್ ಹೊರಡುತ್ತೆ' ಎಂದೆ. ಆ ಮಾತು ನನ್ನನ್ನು ಒಳ್ಳೆಯವಳನ್ನಾಗಿ ಮಾಡಿತು. ರೇವತಿ ನನ್ನ ತೋಳು ಹಿಡಿದುಕೊಂಡಳು.

ನೀನೇ ಎಲ್ಲರನ್ನೂ ಕಳಿಸಿದೆ. ಮಕ್ಕಳಿಗೆ ಬೇಜಾರಾಗ್ತದೆ, ನೀವು ಹೋಗಿ ಬನ್ನಿ ಎಂದೆ. ಗಿರೀಶ ಹೊರಟೇಬಿಟ್ಟ. ಆಮೇಲೆ ನೀನು ನಿನ್ನ ಪರ್ಸಿನಿಂದ ಆ ಫೋಟೋ ತೆಗೆದು ಕೊಟ್ಟದ್ದು ಗಂಡನ ಕೈಗಲ್ಲ, ನನ್ನ ಕೈಗೆ.

'ಅಕ್ಕಾ, ನಿಮಗಾದ್ರೆ ದಾರಿ ಗೊತ್ತಾಗ್ತದೆ. ಆ ಮೆಟ್ಟಿಲು ಸಿಕ್ಕಿದ್ರೆ ಒಂದು ಫೋಟೋ ತೆಗ್ದು ತರ್ತೀರಾ?'

ನಾನು ಹೂಂ ಎಂದೆ. ತಿರುಗಿ ನೋಡದೆ ಒಳಗೆ ಹೋದೆ.

ಇಲ್ಲಿಯವರೆಗಿನದು ಒಂದು ತಪ್ಪು. ಇನ್ನೊಂದಿದೆ, ಅದು ಯಾರಿಗೂ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ.

ಮಾಲ್ಟಾದಲ್ಲಿ ಎಲ್ಲ ನನ್ನ ಪ್ಲಾನಿನಂತೆಯೇ ನಡೆಯಿತು. ಬಾಲ್ಕನಿ ಇತ್ತು, ಬಂದರು ಇತ್ತು, ಊಟ ಚೆನ್ನಾಗಿತ್ತು. ಗಿರೀಶ ಮುಖ ಗಂಟು ಹಾಕಿಕೊಂಡು ಬಿಯರು ಕುಡಿದ. ನೀನಿಲ್ಲದೆ ಯಾರಿಗೂ ಮಾತು ಹೊಂದಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನಗೆ ಅದರಿಂದ ಇನ್ನಷ್ಟು ಸಿಟ್ಟು ಬಂತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ತೋಪು ನೋಡಲು ಮೇಲಿನ ತೋಟಕ್ಕೆ ಹೋದರು. ನಾನು ತಲೆನೋವೆಂದು ಹಿಂದೆ ಉಳಿದು, ಒಬ್ಬಳೇ ಬಂದರಿನ ಕಡೆಗೆ ಇಳಿದೆ.

ಮೆಟ್ಟಿಲು ಸಿಕ್ಕಿತು ಮಾಲಿನಿ. ಸುಲಭವಾಗಿ ಸಿಕ್ಕಿತು. ಅದೇ ಕಮಾನು, ಅದೇ ಗೋಡೆ. ಕಬ್ಬಿಣದ ಬಳೆ ತುಕ್ಕು ಹಿಡಿದು ಇನ್ನಷ್ಟು ದಪ್ಪವಾಗಿತ್ತು. ಕೆಳಗಿನ ಮೆಟ್ಟಿಲುಗಳ ಮೇಲೆ ಪಾಚಿ, ಸಣ್ಣ ಅಲೆಗಳು ಬಂದು ಹೋಗುತ್ತಿದ್ದವು. ನಾನು ಫೋಟೋ ಎತ್ತಿ ಹಿಡಿದು, ನಿನ್ನ ಅಪ್ಪ ಎಲ್ಲಿ ನಿಂತಿದ್ದರೆಂದು ಸರಿಯಾಗಿ ಗುರುತು ಹಿಡಿದು, ಅದೇ ಮೆಟ್ಟಿಲಿನ ಮೇಲೆ ಹೋಗಿ ನಿಂತೆ. ಚಪ್ಪಲಿ ಬಿಡಬೇಕೆನ್ನಿಸಿತು. ಬಿಡಲಿಲ್ಲ. ಮೇಲೆ ಕೋಟೆಯಲ್ಲಿ ತೋಪು ಹಾರಿತು. ಪಕ್ಕಕ್ಕೆ ಸರಿದು, ಖಾಲಿ ಮೆಟ್ಟಿಲಿನ ಒಂದು ಫೋಟೋ ತೆಗೆದೆ.

ತೆಗೆದಾಗ ಕೊಡಬೇಕೆಂದೇ ಇತ್ತು — ಇತ್ತು ಅಂತ ಕಾಣುತ್ತದೆ. ಲಂಡನ್ನಿಗೆ ವಾಪಸಾದಾಗ ನೀನು ಮದುಮಗಳ ಖಾಲಿ ಫ್ಲ್ಯಾಟಿನಲ್ಲಿದ್ದೆ. ಮೂರು ದಿನ ಒಬ್ಬಳೇ ಇದ್ದು ಅವಳ ಒಲೆ, ಕಿಟಕಿ, ಬಚ್ಚಲು ಎಲ್ಲ ಉಜ್ಜಿ ತೊಳೆದಿಟ್ಟಿದ್ದೆ. ಬಾಗಿಲು ತೆರೆದವಳು ಮಕ್ಕಳನ್ನೂ ಅಪ್ಪಿಕೊಳ್ಳದೆ ಮೊದಲು ನನ್ನನ್ನೇ ಕೇಳಿದೆ. 'ಸಿಕ್ತಾ ಅಕ್ಕಾ?' ನಿನ್ನ ಮುಖ ಹೊಳೆಯುತ್ತಿತ್ತು. ನಾನು ಹೂಂ ಎಂದಿದ್ದರೆ ನೀನು ನನ್ನ ಕೈ ಹಿಡಿದು ಅಳುತ್ತಿದ್ದೆ, ನಾನು ನಿನ್ನ ಪಾಲಿಗೆ ದೇವರಾಗುತ್ತಿದ್ದೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಇಷ್ಟು ವರ್ಷ. ನಿಜ ಅದಲ್ಲ. ಆ ಹೊಳಪು ನೋಡಿದೆ, ಆರಿಸಬೇಕೆನ್ನಿಸಿತು. ಅಷ್ಟೇ.

'ಸಿಗಲಿಲ್ಲ ಕಣೇ. ಅಲ್ಲೆಲ್ಲ ಒಡೆದು ಹೊಸದಾಗಿ ಕಟ್ಟಿಬಿಟ್ಟಿದ್ದಾರೆ.'

ನೀನು ಫೋಟೋ ವಾಪಸ್ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಪರ್ಸಿನೊಳಗಿಟ್ಟೆ. 'ಆದ್ರೂ ಹುಡುಕಿದ್ರಲ್ಲ ಅಕ್ಕಾ, ಥ್ಯಾಂಕ್ಸ್' ಎಂದೆ.

ಎರಡು ವರ್ಷದ ಮೇಲೆ ನೀನು ಇಲ್ಲಿಯ ಸಿಟಿಜನ್ ಆದೆ. ಗ್ರೂಪಿಗೆ ಗಿರೀಶ ಫೋಟೋ ಹಾಕಿದ. ಕೌನ್ಸಿಲಿನವರು ಸಮಾರಂಭದಲ್ಲಿ ಕೊಟ್ಟ ಗಿಡದ ಸಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ ನೀನು. 'ಅಂತೂ ಬುದ್ಧಿ ಬಂತು' ಎಂದು ಅವನು ಬರೆದಿದ್ದ. ನಾನು ಅಭಿನಂದನೆ ಹೇಳಲು ಫೋನ್ ಮಾಡಿದೆ. ಹಳೆಯ ಪಾಸ್‌ಪೋರ್ಟು ರದ್ದಾಯಿತಾ ಎಂದು ಕೇಳಿದೆ. ಯಾಕೆ ಕೇಳಿದೆನೋ, ಬಾಯಿ ಸುಮ್ಮನಿರಲಿಲ್ಲ.

'ಆಯ್ತು ಅಕ್ಕಾ. ಇನ್ನೆಂತಕ್ಕೆ ಅದನ್ನ ಹಿಡ್ಕೊಂಡು ಕೂರೋದು? ಅಲ್ಲಿ ಮೆಟ್ಟಿಲೂ ಇಲ್ಲ.'

ಆವತ್ತು ನನ್ನ ಫೋನಿನಲ್ಲಿ ಆ ಮೆಟ್ಟಿಲು ಇತ್ತು. ಫೋನ್ ಹೊಸದು ಕೊಂಡಾಗಲೆಲ್ಲ ಹಳೆಯದರಿಂದ ಹೊಸದಕ್ಕೆ ಬಂದಿದೆ. ಅಳಿಸಿಹಾಕಲು ಎಷ್ಟೋ ಸಲ ಹೋಗಿ, ಅಳಿಸದೆ ಬಿಟ್ಟಿದ್ದೇನೆ. ನಿನ್ನ ಅಪ್ಪನ ಹೆಸರಿದ್ದ ಆ ಕೊನೆಯ ಪುಟವನ್ನು ನೀನಾಗಿಯೇ ಬಿಟ್ಟೆ ಎಂದು ಎಲ್ಲರೂ ತಿಳಿದಿದ್ದಾರೆ. ಬಿಡಿಸಿದವಳು ನಾನು.

ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಹೋದ ತಿಂಗಳು ಅಡಿಲೇಡಿನಲ್ಲಿ ರೇವತಿಯ ಮೊಮ್ಮಗುವಿನ ನಾಮಕರಣಕ್ಕೆ ಎಲ್ಲರೂ ಸೇರಿದ್ದೆವು. ಊಟವಾದ ಮೇಲೆ ಗಿರೀಶ ಬೀಗರಿಗೆ ಅದೇ ಹಳೆಯ ಕಥೆ ಹೇಳಲು ಶುರುಮಾಡಿದ. 'ನಮ್ಮನೆಯೋಳು ಏರ್‌ಪೋರ್ಟ್‌ವರೆಗೂ ಬಂದು ನಮಗೆ ಟಾಟಾ ಮಾಡಿ ಹೋದೋಳು! ಅತ್ತಿಗೇನ ಒಂದ್ ಮಾತು ಕೇಳಿದ್ರೆ ಸಾಕಿತ್ತು.' ಬೀಗರು ನಕ್ಕರು. ನೀನೂ ನಕ್ಕು, 'ನಾನೊಂದು ಪೆದ್ದು' ಎಂದೆ. ಎಂದವಳು ನನ್ನ ಕಡೆ ನೋಡಿದೆ. ಅದೇ ನೋಟ.

ನಾನು ನಿನ್ನ ಹಿಂದೆ ಅಡುಗೆಮನೆಗೆ ಬಂದೆ. ನೀನು ಲೋಟ ತೊಳೆಯುತ್ತಿದ್ದೆ. 'ಯಾಕೆ ಯಾರಿಗೂ ಹೇಳಲಿಲ್ಲ?' ಎಂದು ಕೇಳಿದೆ. ಏನನ್ನು ಎಂದು ನೀನು ಕೇಳಲಿಲ್ಲ. ನಲ್ಲಿ ನಿಲ್ಲಿಸಿದೆ.

'ಕೌಂಟರ್ ಹತ್ರ ನೀವೇ ಹೇಳ್ತೀರಿ ಅಂತ ಕಾದೆ ಅಕ್ಕಾ. ಮಾಲ್ಟಾದಿಂದ ಬಂದ್ಮೇಲೆ ಹೇಳ್ತೀರಿ ಅಂದ್ಕೊಂಡೆ. ಆಮೇಲೆ ಕಾಯೋದು ಅಭ್ಯಾಸ ಆಯ್ತು.'

ಮತ್ತೆ ನಲ್ಲಿ ತಿರುಗಿಸಿದೆ.

ನನಗೆ ಆಗ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇಷ್ಟು ವರ್ಷ ಗೊತ್ತಿದ್ದೂ ಗಂಡನ ಚುಚ್ಚುಮಾತು ನುಂಗಿಕೊಂಡು, ನನ್ನನ್ನು ಅಕ್ಕಾ ಅಕ್ಕಾ ಎನ್ನುತ್ತಾ, ಹಬ್ಬಕ್ಕೆ ಸೀರೆ ಕಳಿಸುತ್ತಾ, ನನ್ನ ಬಾಯಿಂದಲೇ ಬರಲಿ ಎಂದು ಕಾದಿದ್ದೀಯಲ್ಲ, ಅದಕ್ಕೆ. ನೀನು ಒಂದು ಸಲ ಕೂಗಾಡಿದ್ದರೆ ನಾನೂ ಕೂಗಾಡಿ ಹಗುರವಾಗುತ್ತಿದ್ದೆ. ಪರ್ತ್‌ಗೆ ಬರುವ ವಿಮಾನದಲ್ಲಿ ದಾರಿಯುದ್ದಕ್ಕೂ ನಿನ್ನನ್ನು ಮನಸ್ಸಿನಲ್ಲೇ ಬೈದೆ. ಇಳಿಯುವ ಹೊತ್ತಿಗೆ ಬೈಗುಳ ಮುಗಿದಿತ್ತು. ಉಳಿದದ್ದು ನಾನೊಬ್ಬಳೇ.

ನಿನ್ನನ್ನು ಕಂಡರೆ ನನಗೆ ಈಗಲೂ ಇಷ್ಟವಿಲ್ಲ. ಅದು ಬದಲಾಗಿದೆ ಎಂದು ಹೇಳಿ ಇನ್ನೊಂದು ಸುಳ್ಳು ಸೇರಿಸುವುದಿಲ್ಲ. ಇಷ್ಟವಿಲ್ಲದವರಿಗೆ ಮಾಡಿದ ಅನ್ಯಾಯವೂ ಅನ್ಯಾಯವೇ. ಕ್ಷಮಿಸು ಎಂದು ಕೇಳಿದರೆ ನೀನು ಆಯ್ತಕ್ಕಾ ಎಂದುಬಿಡುತ್ತೀ, ಆದ್ದರಿಂದ ಕೇಳುವುದಿಲ್ಲ.

ಇದನ್ನು ನಿನಗೊಬ್ಬಳಿಗೇ ಕಳಿಸಬಹುದಿತ್ತು. ಆದರೆ ಆ ಕೌಂಟರಿನ ಮುಂದೆ ಎಲ್ಲರೂ ನಿಂತಿದ್ದರು, ಮಕ್ಕಳೂ ನಿಂತಿದ್ದರು. ಅದಕ್ಕೇ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಿದ್ದೇನೆ. ಕನ್ನಡ ಓದಲು ಬಾರದ ಮಕ್ಕಳಿಗೆ ರೇವತಿ ಓದಿ ಹೇಳಲಿ. ಇಲ್ಲಿ ಇನ್ನೂ ಬೆಳಕು ಹರಿದಿಲ್ಲ, ಬ್ರಿಸ್ಬೇನಿನಲ್ಲಿ ನೀವು ಎದ್ದಿರುತ್ತೀರಿ. ಈ ಸಲ ನಾನು ಕಾಫಿ ಹಾಕುವ ಮುಂಚೆಯೇ ನೀವೆಲ್ಲ ನನ್ನ ಬಗ್ಗೆ ತೀರ್ಮಾನ ಮಾಡಿಕೊಳ್ಳಿ, ನಾನು ತಕರಾರು ಮಾಡುವುದಿಲ್ಲ.

ಕೆಳಗಿರುವುದು ಆ ಮೆಟ್ಟಿಲು. ಒಡೆದಿಲ್ಲ. ನಿನ್ನ ಅಪ್ಪ ನಿಂತದ್ದು ಬಳೆಯ ನೇರಕ್ಕೆ, ನೀರಿಗಿಂತ ಸ್ವಲ್ಪ ಮೇಲೆ. ಹೋಗಿ ನಿಲ್ಲು. ಈಗ ನಿನಗೆ ವೀಸಾ ಬೇಕಾಗಿಲ್ಲ. ಪ್ಲಾನ್ ನೀನೇ ಮಾಡಿಕೋ, ನನ್ನನ್ನು ಕೇಳಬೇಡ.

ಗಿರೀಶ, ನೀನೂ ಓದು. ಅವಳು ನನ್ನನ್ನು ಕೇಳಿದ್ದಳು.